ಇನಿಟ್‌ರಾಮ್‌ಎಫ್‌ಎಸ್‌ನಿಂದ ನಿಜವಾದ ರೂಟ್‌ಗೆ ದಾಟುವಾಗ ಪಿವಟ್_ರೂಟ್ ಏಕೆ ನಿರಾಕರಿಸುತ್ತದೆ? ಬರಿಯ ಸಿಎಚ್‌ರೂಟ್ ಸಾಕೇ?

ಬೋರ್ಡ್‌ಬಳಗ:

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಒಂದು ಆರ್ಮ್ ಬೋರ್ಡನ್ನು ಹಳೆಯ ಕರ್ನೆಲ್‌ನಿಂದ ಹೊಸ ಕರ್ನೆಲ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ವ್ಯವಸ್ಥೆಯಲ್ಲಿ ಬೂಟ್‌ಲೋಡರ್ ಒಂದು ಇಎಕ್ಸ್‌ಟಿ2 ಇಮೇಜನ್ನು ರ‍್ಯಾಮ್‌ಡಿಸ್ಕ್ ರೂಪದಲ್ಲಿ ಕೊಡುತ್ತಿತ್ತು. ಅದರೊಳಗಿನ ಸ್ಕ್ರಿಪ್ಟ್ ಇಎಂಎಂಸಿಯ (ಬೋರ್ಡಿನ ಮೇಲಿರುವ ಫ್ಲ್ಯಾಶ್ ಸಂಗ್ರಹದ) ಪಾರ್ಟಿಷನ್ನನ್ನು ಮೌಂಟ್ ಮಾಡಿ, ಆ ಡೈರೆಕ್ಟರಿಗೆ ಹೋಗಿ, ಪಿವಟ್_ರೂಟ್ ಮೂಲಕ ಹಳೆಯ ರೂಟನ್ನು ಪಕ್ಕಕ್ಕೆ ಸರಿಸಿ, ಹೊಸ ರೂಟಿನಲ್ಲಿರುವ ಇನಿಟ್‌ಗೆ (ಒಂದನೆಯ ಪ್ರೋಸೆಸ್ ಆಗಿ ಓಡುವ ಪ್ರೋಗ್ರಾಮಿಗೆ) ಅಧಿಕಾರ ವಹಿಸುತ್ತಿತ್ತು. ಆಮೇಲೆ ರ‍್ಯಾಮ್‌ಡಿಸ್ಕನ್ನು ಅನ್‌ಮೌಂಟ್ ಮಾಡಿ ಮೆಮೊರಿಯನ್ನು ಬಿಡಿಸಿಕೊಳ್ಳಲಾಗುತ್ತಿತ್ತು.

ಈಗ ನಾವು ಇಮೇಜಿನ ಬದಲು ಸಿಪಿಐಓ ಕಟ್ಟನ್ನು ಕೊಡುತ್ತಿದ್ದೇವೆ, ಅಂದರೆ ಬೂಟ್‌ನ ಆರಂಭದಲ್ಲಿ ಮೆಮೊರಿಯಲ್ಲಿರುವ ತಾತ್ಕಾಲಿಕ ರೂಟ್ ಆದ ಇನಿಟ್‌ರಾಮ್‌ಎಫ್‌ಎಸ್‌ಗೆ ಬಂದಿದ್ದೇವೆ. ಅದೇ ಸ್ಕ್ರಿಪ್ಟ್ ಪಿವಟ್_ರೂಟ್ ಸಾಲಿಗೆ ಬಂದ ತಕ್ಷಣ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಎಂದು ಹೇಳಿ ನಿಲ್ಲುತ್ತದೆ. ಆ ಸಾಲನ್ನು ತೆಗೆದು ನೇರವಾಗಿ ಸಿಎಚ್‌ರೂಟ್ (ಮೌಂಟ್‌ಗಳನ್ನು ಮುಟ್ಟದೆ ಪ್ರೋಸೆಸ್ ಕಾಣುವ ರೂಟ್ ಡೈರೆಕ್ಟರಿಯನ್ನು ಮಾತ್ರ ಬದಲಿಸುವುದು) ಹಾಕಿದರೆ ಬೋರ್ಡ್ ಬೂಟ್ ಆಗುತ್ತದೆ, ಲಾಗಿನ್ ಸಹ ಬರುತ್ತದೆ. ಆದರೆ ಇನಿಟ್‌ರಾಮ್‌ಎಫ್‌ಎಸ್ ಹಿಡಿದಿದ್ದ ಮೆಮೊರಿ ಮರಳಿ ಬಂದಿಲ್ಲ. ಇನ್ನೊಂದು ವಿಚಿತ್ರವೆಂದರೆ, ಬೂಟ್ ಆದ ಮೇಲೆ ಯಾವ ಬಳಕೆದಾರನಾಗಿ ಅನ್‌ಶೇರ್ ಮೂಲಕ ಹೊಸ ಯೂಸರ್ ನೇಮ್‌ಸ್ಪೇಸ್ (ಬಳಕೆದಾರರ ಗುರುತು, ಅಧಿಕಾರಗಳನ್ನು ಪ್ರತ್ಯೇಕಿಸುವ ಆವರಣ) ತೆರೆಯಲು ಹೋದರೂ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಕರ್ನೆಲ್‌ನಲ್ಲಿ ಆ ಸೌಲಭ್ಯವನ್ನು ಸೇರಿಸಿರುವುದನ್ನು ನೋಡಿ ಖಚಿತಪಡಿಸಿಕೊಂಡಿದ್ದೇನೆ. ಈ ಎರಡಕ್ಕೂ ರೂಟ್ ಬದಲಿಸಿದ ರೀತಿಗೂ ಸಂಬಂಧವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಕರ್ನೆಲ್:

ಸಂಬಂಧ ಖಂಡಿತ ಇದೆ, ಎರಡಕ್ಕೂ ಇದೆ. ಮೊದಲು ಪಿವಟ್_ರೂಟ್ ವಿಷಯ ನೋಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

2.6 ಸರಣಿಯಿಂದ ಈಚೆಗಿನ ಕರ್ನೆಲ್ ಎದ್ದ ಕೂಡಲೇ ತನ್ನೊಳಗೆ ರೂಟ್‌ಎಫ್‌ಎಸ್ ಎಂಬ ಒಂದು ಮೌಂಟನ್ನು ಸ್ಥಾಪಿಸಿಕೊಳ್ಳುತ್ತದೆ. ಅದು ರಾಮ್‌ಎಫ್‌ಎಸ್‌ನ ಒಂದು ವಿಶೇಷ ರೂಪ. ಸಂರಚನೆ ಅನುಮತಿಸಿದರೆ ಟಿಎಂಪಿಎಫ್‌ಎಸ್ ಆಗಿಯೂ ಇರಬಹುದು. ಬೇರೆಲ್ಲ ಮೌಂಟ್‌ಗಳೂ ಇದರ ಮೇಲೆ ಅಥವಾ ಇದರ ಸಂತತಿಯ ಮೇಲೆ ಕೂರುತ್ತವೆ. ಇದಕ್ಕೆ ಮಾತ್ರ ತಾಯಿ ಮೌಂಟ್ ಎಂಬುದಿಲ್ಲ. ನಿಮ್ಮ ಹಳೆಯ ವ್ಯವಸ್ಥೆಯಲ್ಲಿ ರ‍್ಯಾಮ್‌ಡಿಸ್ಕ್ ಒಂದು ಬ್ಲಾಕ್ ಡಿವೈಸ್ ಆಗಿತ್ತು. ಅದರೊಳಗಿನ ಇಎಕ್ಸ್‌ಟಿ2 ರೂಟ್‌ಎಫ್‌ಎಸ್‌ನ ಮೇಲೆ ಮೌಂಟ್ ಆಗಿ ಕುಳಿತಿದ್ದರಿಂದ ಅದನ್ನು ಕಿತ್ತು ಬೇರೆಡೆ ಇಡುವುದಕ್ಕೆ ಅವಕಾಶವಿತ್ತು. ಇನಿಟ್‌ರಾಮ್‌ಎಫ್‌ಎಸ್ ಹಾಗಲ್ಲ. ಸಿಪಿಐಓ ಕಟ್ಟನ್ನು ಕರ್ನೆಲ್ ನೇರವಾಗಿ ರೂಟ್‌ಎಫ್‌ಎಸ್‌ನೊಳಗೇ ಬಿಚ್ಚಿಡುತ್ತದೆ. ಹೀಗಾಗಿ ನಿಮ್ಮ ಸ್ಕ್ರಿಪ್ಟ್ ಓಡುತ್ತಿರುವ ರೂಟ್ ಎಂದರೆ ಎಲ್ಲದರ ಬುಡವೇ.

ಪಿವಟ್_ರೂಟ್ ಸಿಸ್ಟಮ್ ಕಾಲ್ ಮಾಡುವ ಕೆಲಸವೆಂದರೆ ಈಗಿನ ರೂಟ್ ಮೌಂಟನ್ನು ಅದರ ತಾಯಿ ಮೌಂಟಿನಿಂದ ಬಿಡಿಸಿ ಹೊಸ ರೂಟಿನೊಳಗಿನ ಒಂದು ಡೈರೆಕ್ಟರಿಗೆ ಅಂಟಿಸುವುದು, ಹೊಸ ರೂಟನ್ನು ಆ ತೆರವಾದ ಜಾಗದಲ್ಲಿ ಕೂರಿಸುವುದು. ತಾಯಿಯೇ ಇಲ್ಲದ ಮೌಂಟನ್ನು ಎಲ್ಲಿಂದ ಬಿಡಿಸುವುದು? ಕರ್ನೆಲ್ ಇದನ್ನು ಪರೀಕ್ಷಿಸಿಯೇ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಎನ್ನುತ್ತದೆ. ಈ ಕಾಲ್ ಸೇರಿದ್ದು 2.3.41ನೆಯ ಕರ್ನೆಲ್‌ನಲ್ಲಿ, ಇನಿಟ್‌ಆರ್‌ಡಿಯ (ನಿಮ್ಮ ಹಳೆಯ ರ‍್ಯಾಮ್‌ಡಿಸ್ಕ್ ವಿಧಾನದ) ಕಾಲದ ಅಗತ್ಯಕ್ಕಾಗಿ. ಇನಿಟ್‌ರಾಮ್‌ಎಫ್‌ಎಸ್ ಬಂದದ್ದು ಅದರ ನಂತರ, 2.5 ಸರಣಿಯಲ್ಲಿ. ನಿಮ್ಮ ಸ್ಕ್ರಿಪ್ಟ್ ಬರೆದವರು ಅವರ ಕಾಲಕ್ಕೆ ಸರಿಯಾಗಿಯೇ ಬರೆದಿದ್ದಾರೆ. ಅದು ನಿಂತಿದ್ದ ನೆಲ ಬದಲಾಗಿದೆ, ಅಷ್ಟೆ.

ನವಸಾಧಕ:

ಹಳೆಕರ್ನೆಲ್ ಸರ್, ನಾನು ಈ ವಿಷಯವನ್ನು ಈಗಷ್ಟೇ ಓದುತ್ತಿರುವ ವಿದ್ಯಾರ್ಥಿ. ರೂಟ್‌ಎಫ್‌ಎಸ್‌ಗೆ ಅಷ್ಟೊಂದು ವಿಶೇಷ ಸ್ಥಾನ ಏಕೆ? ನಿಜವಾದ ರೂಟ್ ಸಿಕ್ಕ ಮೇಲೆ ಕರ್ನೆಲ್ ಅದನ್ನು ತಾನೇ ತೆಗೆದುಹಾಕಬಹುದಲ್ಲವೇ?

ಹಳೆಕರ್ನೆಲ್:

ಒಳ್ಳೆಯ ಪ್ರಶ್ನೆ. ಮೌಂಟ್‌ಗಳ ಪಟ್ಟಿ ಎಂದಿಗೂ ಬರಿದಾಗುವುದಿಲ್ಲ ಎಂಬ ಭರವಸೆ ಇದ್ದರೆ, ಬರಿದಾದಾಗ ಏನು ಮಾಡಬೇಕೆಂಬ ಕೋಡನ್ನು ಎಲ್ಲಿಯೂ ಬರೆಯಬೇಕಾಗಿಲ್ಲ. ಕರ್ನೆಲ್ ಜೊತೆ ಬರುವ ದಾಖಲೆಯಲ್ಲಿಯೇ ಈ ಸಮರ್ಥನೆ ಇದೆ. ಒಂದನೆಯ ಪ್ರೋಸೆಸ್ಸನ್ನು ಕೊಲ್ಲಲು ಬಿಡದಿರುವುದಕ್ಕೂ ಇದಕ್ಕೂ ಹೆಚ್ಚು ಕಡಿಮೆ ಒಂದೇ ಕಾರಣವೆಂದು ಅಲ್ಲಿ ಬರೆದಿದ್ದಾರೆ. ಒಳಗೆ ಏನೂ ಇಲ್ಲದ ರಾಮ್‌ಎಫ್‌ಎಸ್ ತೆಗೆದುಕೊಳ್ಳುವ ಜಾಗ ತೀರಾ ಅಲ್ಪ, ಆದ್ದರಿಂದ ಅದು ಹಾಗೆಯೇ ಅಡಿಯಲ್ಲಿ ಉಳಿದರೂ ಯಾರಿಗೂ ನಷ್ಟವಿಲ್ಲ. ನಷ್ಟವಾಗುವುದು ಅದರೊಳಗೆ ಕಡತಗಳು ಉಳಿದುಕೊಂಡಾಗ. ರಾಮ್‌ಎಫ್‌ಎಸ್‌ನಲ್ಲಿರುವ ಕಡತದ ಪುಟಗಳಿಗೆ ಡಿಸ್ಕಿನ ಆಸರೆ ಇಲ್ಲ. ಮೆಮೊರಿ ಎಷ್ಟೇ ಬಿಗಿಯಾದರೂ ಕರ್ನೆಲ್ ಅವನ್ನು ಬಿಟ್ಟುಕೊಡಲಾರದು. ಬೋರ್ಡ್‌ಬಳಗ ಅವರ ಮೆಮೊರಿ ಸಿಕ್ಕಿಹಾಕಿಕೊಂಡಿರುವುದು ಅಲ್ಲಿಯೇ.

ಮೌಂಟ್‌ಮಾಲೆ:

ಹಳೆಕರ್ನೆಲ್ ಅವರು ಹೇಳಿದ್ದರ ಮುಂದಿನ ಭಾಗವನ್ನು ನಾನು ಸೇರಿಸುತ್ತೇನೆ. ರೂಟ್‌ಎಫ್‌ಎಸ್ಸನ್ನು ತೆಗೆಯಲಾಗದು, ಸರಿಸಲೂ ಆಗದು ಎಂಬುದನ್ನು ಒಪ್ಪಿಕೊಂಡರೆ ಉಳಿಯುವ ದಾರಿ ಒಂದೇ: ಅದರೊಳಗಿರುವುದನ್ನೆಲ್ಲ ಅಳಿಸಿ ಮೆಮೊರಿಯನ್ನು ಬಿಡಿಸಬೇಕು, ಹೊಸ ರೂಟನ್ನು ಅದರ ಮೇಲೆಯೇ ಹೊದಿಸಬೇಕು, ಆ ಹೊದಿಕೆಯೊಳಕ್ಕೆ ಕಾಲಿಡಬೇಕು, ಕನ್ಸೋಲನ್ನು ಮತ್ತೆ ತೆರೆದು ಹೊಸ ಇನಿಟ್ಟನ್ನು ಎಕ್ಸೆಕ್ ಮಾಡಬೇಕು, ಅಂದರೆ ಅದೇ ಪ್ರೋಸೆಸ್ಸಿನ ಜಾಗದಲ್ಲಿ ಓಡಿಸಬೇಕು. ಸ್ವಿಚ್_ರೂಟ್ ಎಂಬ ಪುಟ್ಟ ಉಪಕರಣ ಮಾಡುವುದು ಇಷ್ಟನ್ನೇ. ಇದು ಸಿಸ್ಟಮ್ ಕಾಲ್ ಅಲ್ಲ, ಬಳಕೆದಾರರ ಮಟ್ಟದ ಪ್ರೋಗ್ರಾಮ್. ಬ್ಯುಸಿಬಾಕ್ಸ್‌ನಲ್ಲಿ ಒಂದಿದೆ, ಯುಟಿಲ್-ಲಿನಕ್ಸ್‌ನಲ್ಲಿ ಒಂದಿದೆ, ಕೆಲಿಬ್‌ಸಿಯಲ್ಲಿ ರನ್-ಇನಿಟ್ ಎಂಬ ಹೆಸರಿನಲ್ಲಿದೆ.

ಇದರೊಳಗಿನ ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ತಾವೇ ಸ್ಕ್ರಿಪ್ಟ್ ಬರೆಯಲು ಹೋದವರು ಎಡವುವುದು ಇಲ್ಲಿ. ಮೊದಲು ಪ್ರೋಗ್ರಾಮ್ ಹೊಸ ರೂಟ್ ಮೌಂಟ್ ಆಗಿರುವ ಡೈರೆಕ್ಟರಿಗೆ ಹೋಗಿ ನಿಲ್ಲುತ್ತದೆ. ಆಮೇಲೆ "ಚುಕ್ಕೆ"ಯನ್ನು, ಅಂದರೆ ತಾನು ನಿಂತಿರುವ ಮೌಂಟನ್ನು, ಓರೆಗೆರೆಯ (/, ಅಂದರೆ ರೂಟಿನ ದಾರಿಯ) ಮೇಲಕ್ಕೆ ಸರಿಸುತ್ತದೆ. ಸರಿಸಿದ ಕ್ಷಣದಲ್ಲಿ ಹೊಸ ಫೈಲ್ ಸಿಸ್ಟಮ್ ರೂಟ್‌ಎಫ್‌ಎಸ್ಸನ್ನು ಮುಚ್ಚಿ ಕುಳಿತಿರುತ್ತದೆ ಎಂಬುದು ನಿಜ. ಆದರೂ ಆ ಪ್ರೋಸೆಸ್ ಓರೆಗೆರೆಯಿಂದ ಆರಂಭವಾಗುವ ಯಾವುದಾದರೂ ದಾರಿಯನ್ನು ಹುಡುಕಿದರೆ ಕರ್ನೆಲ್ ಇನ್ನೂ ಹಳೆಯ ರೂಟ್‌ಎಫ್‌ಎಸ್‌ನೊಳಗೇ ಹುಡುಕುತ್ತದೆ. ಪ್ರೋಸೆಸ್ ತನ್ನ ರೂಟ್ ಯಾವುದೆಂದು ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ, ಅದರ ಮೇಲೆ ಆಮೇಲೆ ಏನು ಮೌಂಟ್ ಆಯಿತೆಂದು ಆರಂಭದ ಬಿಂದುವಿನಲ್ಲಿ ಕರ್ನೆಲ್ ನೋಡುವುದಿಲ್ಲ. ಆಗ ಹೊಸ ರೂಟಿಗೆ ಉಳಿದಿರುವ ಒಂದೇ ಹಿಡಿಕೆ ಎಂದರೆ ನಾವು ನಿಂತಿರುವ ಜಾಗ, ಆ ಚುಕ್ಕೆ. ಹಾಗಾಗಿ ಮುಂದಿನ ಸಾಲು "ಚುಕ್ಕೆಗೆ ಸಿಎಚ್‌ರೂಟ್" ಎಂದಿರಲೇಬೇಕು. ಓರೆಗೆರೆಗೆ ಸಿಎಚ್‌ರೂಟ್ ಮಾಡಿದರೆ ಇದ್ದಲ್ಲಿಯೇ ಇರುತ್ತೇವೆ.

ಇನ್ನು ನಿಮ್ಮ ಎರಡನೆಯ ವಿಚಿತ್ರ. ನೀವು ಮೌಂಟನ್ನು ಸರಿಸದೆ ಬರಿಯ ಸಿಎಚ್‌ರೂಟ್ ಮಾಡಿದ್ದರಿಂದ ಒಂದನೆಯ ಪ್ರೋಸೆಸ್‌ನಿಂದ ಹಿಡಿದು ಎಲ್ಲ ಪ್ರೋಸೆಸ್‌ಗಳೂ ಕರ್ನೆಲ್ಲಿನ ಕಣ್ಣಿಗೆ ಸಿಎಚ್‌ರೂಟಿನೊಳಗೆ ಬದುಕುತ್ತಿರುವಂಥವು. ಮೌಂಟ್ ನೇಮ್‌ಸ್ಪೇಸಿನ (ಪ್ರೋಸೆಸ್‌ಗಳಿಗೆ ಕಾಣುವ ಮೌಂಟ್‌ಗಳ ಮರದ) ರೂಟ್ ಇಂದಿಗೂ ಇನಿಟ್‌ರಾಮ್‌ಎಫ್‌ಎಸ್. ಪ್ರೋಸೆಸ್‌ಗಳ ರೂಟ್ ಮಾತ್ರ ಬೇರೆ. ಇವೆರಡೂ ಹೊಂದದಿದ್ದರೆ ಹೊಸ ಯೂಸರ್ ನೇಮ್‌ಸ್ಪೇಸ್ ತೆರೆಯಲು 3.9ರಿಂದ ಈಚೆಗಿನ ಕರ್ನೆಲ್ ಬಿಡುವುದಿಲ್ಲ. ಸಿಎಚ್‌ರೂಟಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಬಾರದೆಂದು ಆ ನಿರ್ಬಂಧವನ್ನು ಇಟ್ಟಿದ್ದಾರೆ. ಸ್ವಿಚ್_ರೂಟ್ ಮಾಡಿದ ವ್ಯವಸ್ಥೆಯಲ್ಲಿ ಈ ತೊಡಕು ಬರುವುದಿಲ್ಲ. ಆ ಪರೀಕ್ಷೆ ನೇಮ್‌ಸ್ಪೇಸಿನ ರೂಟಿನಿಂದ ಹೊರಟು ಅದರ ಮೇಲೆ ಹೊದಿಸಿದ ಮೌಂಟ್‌ಗಳನ್ನೆಲ್ಲ ದಾಟಿ, ಎಲ್ಲಕ್ಕಿಂತ ಮೇಲಿರುವುದನ್ನೇ ಹೋಲಿಸಿ ನೋಡುತ್ತದೆ.

ಎನ್‌ಎಸ್‌ಎಂಟರ್ ಮೂಲಕ ಒಂದನೆಯ ಪ್ರೋಸೆಸ್ಸಿನ ಮೌಂಟ್ ನೇಮ್‌ಸ್ಪೇಸಿಗೆ ಹೋಗಿ ನೋಡಿದರೆ ನಿಮಗೆ ಇದು ಕಣ್ಣಾರೆ ಕಾಣುತ್ತದೆ. ರೂಟ್ ಬದಲಿಸುವ ಆಯ್ಕೆಯನ್ನು ಕೊಡದೆ, ಮೌಂಟ್ ನೇಮ್‌ಸ್ಪೇಸ್ ಒಂದನ್ನೇ ಕೇಳಿ. ನಿಮ್ಮ ಈಗಿನ ಬೋರ್ಡಿನಲ್ಲಿ ಇಎಂಎಂಸಿಯ ರೂಟ್ ಬದಲು ಇನಿಟ್‌ರಾಮ್‌ಎಫ್‌ಎಸ್‌ನ ಡೈರೆಕ್ಟರಿಗಳು ಎದುರಾಗುತ್ತವೆ.

ಬೋರ್ಡ್‌ಬಳಗ:

ಮೌಂಟ್‌ಮಾಲೆ ಮೇಡಂ, ನೀವು ಹೇಳಿದಂತೆಯೇ ಎನ್‌ಎಸ್‌ಎಂಟರ್ ಮಾಡಿ ನೋಡಿದೆ. ಬ್ಯುಸಿಬಾಕ್ಸ್‌ನ ಹಳೆಯ ಬಿನ್ ಡೈರೆಕ್ಟರಿಯೂ ನಮ್ಮ ಆರಂಭಿಕ ಸ್ಕ್ರಿಪ್ಟೂ ಅಲ್ಲಿ ಹಾಗೆಯೇ ಕಂಡವು. ಇಎಂಎಂಸಿಯ ರೂಟ್ ಅದರೊಳಗಿನ ಒಂದು ಉಪಡೈರೆಕ್ಟರಿಯಾಗಿ ಕಂಡಿತು. ವಿಷಯ ಸಂಪೂರ್ಣ ಸ್ಪಷ್ಟವಾಯಿತು, ನಿಮಗೂ ಹಳೆಕರ್ನೆಲ್ ಸರ್ ಅವರಿಗೂ ಧನ್ಯವಾದ.

ಇನ್ನು ಬ್ಯುಸಿಬಾಕ್ಸ್‌ನ ಸ್ವಿಚ್_ರೂಟ್‌ಗೆ ಬದಲಾಯಿಸುತ್ತೇನೆ. ಅದಕ್ಕೆ ಮೊದಲು ಎಚ್ಚರ ವಹಿಸಬೇಕಾದ ಸಂಗತಿಗಳಿದ್ದರೆ ಹೇಳಿ. ಕ್ಷೇತ್ರದಲ್ಲಿರುವ ಬೋರ್ಡುಗಳಿಗೆ ಸೀರಿಯಲ್ ಕೇಬಲ್ ಹಾಕಿ ನೋಡುವ ಅನುಕೂಲ ನಮಗಿಲ್ಲ. ಒಮ್ಮೆ ಪ್ಯಾನಿಕ್ ಆದರೆ ಬೋರ್ಡನ್ನು ಕಚೇರಿಗೆ ತರಿಸಬೇಕಾಗುತ್ತದೆ.

ಮೌಂಟ್‌ಮಾಲೆ:

ಹಾಗಿದ್ದರೆ ವಿವರವಾಗಿಯೇ ಬರೆಯುತ್ತೇನೆ.

ಬ್ಯುಸಿಬಾಕ್ಸ್‌ನ ಸ್ವಿಚ್_ರೂಟ್ ಕೆಲಸ ಆರಂಭಿಸುವ ಮೊದಲು ತಾನು ಒಂದನೆಯ ಪ್ರೋಸೆಸ್ ಹೌದೇ ಎಂದು ನೋಡುತ್ತದೆ, ಹಳೆಯ ರೂಟಿನಲ್ಲಿ ಇನಿಟ್ ಎಂಬ ಸಾಮಾನ್ಯ ಕಡತ ಇದೆಯೇ ಎಂದು ನೋಡುತ್ತದೆ, ಆ ರೂಟ್ ರಾಮ್‌ಎಫ್‌ಎಸ್ ಅಥವಾ ಟಿಎಂಪಿಎಫ್‌ಎಸ್ ಹೌದೇ ಎಂದೂ ನೋಡುತ್ತದೆ. ಇಷ್ಟು ಬಿಗಿ ಏಕೆಂದರೆ ಮುಂದಿನ ಹೆಜ್ಜೆ ರೂಟಿನಲ್ಲಿರುವುದನ್ನೆಲ್ಲ ಅಳಿಸುವುದು. ಓಡುತ್ತಿರುವ ಯಂತ್ರದಲ್ಲಿ ಯಾರಾದರೂ ಅದನ್ನು ಕರೆದುಬಿಟ್ಟರೆ ಡಿಸ್ಕಿನಲ್ಲಿ ಏನೂ ಉಳಿಯದು. ಶೆಲ್ ಸ್ಕ್ರಿಪ್ಟಿನಿಂದ ಅದನ್ನು ಸಾಮಾನ್ಯ ಕಮಾಂಡಿನಂತೆ ಕರೆದರೆ ಶೆಲ್ ಹೊಸದೊಂದು ಪ್ರೋಸೆಸ್ ಹುಟ್ಟಿಸುತ್ತದೆ. ಅದು ಒಂದನೆಯದಲ್ಲವಾದ್ದರಿಂದ ಬಳಕೆಯ ವಿಧಾನವನ್ನು ಮುದ್ರಿಸಿ ಹೊರಬೀಳುತ್ತದೆ, ಸ್ಕ್ರಿಪ್ಟ್ ಮುಗಿಯುತ್ತದೆ, ಕರ್ನೆಲ್ ಪ್ಯಾನಿಕ್ ಆಗುತ್ತದೆ. ಆದ್ದರಿಂದ ಆ ಸಾಲು ಎಕ್ಸೆಕ್‌ನಿಂದಲೇ ಆರಂಭವಾಗಬೇಕು.

ಬ್ಯುಸಿಬಾಕ್ಸ್‌ನದು ಪ್ರೋಕ್, ಸಿಸ್, ಡೆವ್ ಮೌಂಟ್‌ಗಳನ್ನು ತಾನಾಗಿ ಹೊಸ ರೂಟಿಗೆ ಸಾಗಿಸುವುದಿಲ್ಲ. ಡೆವ್ ಅನ್ನು ನೀವೇ ಸರಿಸಬೇಕು; ಪ್ರೋಕ್ ಮತ್ತು ಸಿಸ್ ಅನ್ನು ಸರಿಸಬಹುದು ಅಥವಾ ಅನ್‌ಮೌಂಟ್ ಮಾಡಿ ಹೊಸ ಇನಿಟ್ ಮತ್ತೆ ಮೌಂಟ್ ಮಾಡಲು ಬಿಡಬಹುದು. ಯುಟಿಲ್-ಲಿನಕ್ಸ್‌ನದು ಇವುಗಳ ಜೊತೆ ರನ್ ಮೌಂಟನ್ನೂ ತಾನೇ ಸಾಗಿಸುತ್ತದೆ. ಅಳಿಸುವ ಕ್ರಮದಲ್ಲಿಯೂ ಎರಡಕ್ಕೂ ವ್ಯತ್ಯಾಸವಿದೆ. ಬ್ಯುಸಿಬಾಕ್ಸ್ ಮೊದಲು ಅಳಿಸಿ ಆಮೇಲೆ ಮೌಂಟ್ ಸರಿಸುತ್ತದೆ. ಯುಟಿಲ್-ಲಿನಕ್ಸ್‌ನದು ಹಳೆಯ ರೂಟನ್ನು ತೆರೆದು ಅದರ ಹಿಡಿಕೆಯನ್ನು ಕೈಯಲ್ಲಿಟ್ಟುಕೊಂಡು, ಮೌಂಟ್ ಸರಿಸಿ, ಹೊಸ ರೂಟಿಗೆ ದಾಟಿದ ಮೇಲೆ ಮಗು ಪ್ರೋಸೆಸ್ ಒಂದಕ್ಕೆ ಅಳಿಸುವ ಕೆಲಸವನ್ನು ಒಪ್ಪಿಸುತ್ತದೆ. ಎರಡೂ ಸರಿ. ಕೂತ ಕೊಂಬೆಯನ್ನೇ ಕಡಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಓಡುತ್ತಿರುವ ಪ್ರೋಗ್ರಾಮಿನ ಕಡತವನ್ನು ಅಳಿಸಿದರೂ ಅದನ್ನು ಹಿಡಿದುಕೊಂಡಿರುವ ಪ್ರೋಸೆಸ್ ಇರುವವರೆಗೆ ಆ ಪುಟಗಳು ಮೆಮೊರಿಯಲ್ಲಿ ಉಳಿದಿರುತ್ತವೆ, ಆದ್ದರಿಂದ ಅಪಾಯವಿಲ್ಲ. ಇದೇ ಕಾರಣಕ್ಕೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಹುಟ್ಟಿಸಿದ ಯಾವುದಾದರೂ ಡೀಮನ್ ದಾಟಿದ ಮೇಲೂ ಓಡುತ್ತಿದ್ದರೆ ಅದರ ಪಾಲಿನ ಮೆಮೊರಿ ಬಿಡುಗಡೆಯಾಗುವುದಿಲ್ಲ.

ಅಳಿಸುವಾಗ ಬೇರೆ ಫೈಲ್ ಸಿಸ್ಟಮ್‌ಗಳೊಳಗೆ ಅದು ಇಳಿಯುವುದಿಲ್ಲ, ಡಿವೈಸ್ ಸಂಖ್ಯೆ ನೋಡಿ ನಿಲ್ಲುತ್ತದೆ. ಆದರೆ ಈ ರಕ್ಷಣೆಯನ್ನು ನಂಬಿ ಒಂದು ಕೆಲಸ ಮಾಡಬಾರದು. ಇನಿಟ್‌ರಾಮ್‌ಎಫ್‌ಎಸ್‌ನಲ್ಲಿರುವ ಮಾಡ್ಯೂಲ್ ಡೈರೆಕ್ಟರಿಯನ್ನೇ ಬೈಂಡ್ ಮೌಂಟ್ ಮೂಲಕ ಹೊಸ ರೂಟಿನಲ್ಲಿ ತೋರಿಸುವ ಪದ್ಧತಿ ಕೆಲವು ಕಡೆ ಇದೆ. ದಾಟುವಾಗ ಮೂಲದಲ್ಲಿರುವ ಕಡತಗಳು ಅಳಿಸಿಹೋಗುತ್ತವೆ, ಹೊಸ ರೂಟಿನಲ್ಲಿ ಖಾಲಿ ಡೈರೆಕ್ಟರಿ ಉಳಿಯುತ್ತದೆ. ಓವರ್‌ಲೇ ರೂಟ್ (ಕೆಳಪದರದ ಮೇಲೆ ಬರೆಯಬಲ್ಲ ಮೇಲ್ಪದರ ಹೊದಿಸಿದ ರೂಟ್) ಕಟ್ಟುವವರು ಮೇಲ್ಪದರವನ್ನು ಇನಿಟ್‌ರಾಮ್‌ಎಫ್‌ಎಸ್‌ನ ಒಂದು ಸಾಧಾರಣ ಡೈರೆಕ್ಟರಿಯಲ್ಲಿ ಇಟ್ಟರೂ ಇದೇ ಗತಿ. ಎರಡಕ್ಕೂ ಪ್ರತ್ಯೇಕ ಟಿಎಂಪಿಎಫ್‌ಎಸ್ ಮೌಂಟ್ ಮಾಡಿಕೊಂಡು ಅದರಲ್ಲಿ ಇಡಬೇಕು.

ಕೊನೆಯದಾಗಿ, ನೀವು ಕರ್ನೆಲ್‌ಗೆ ರೂಟ್‌ವೇಟ್ ಎಂದು ಕೊಟ್ಟಿದ್ದರೆ ಅದು ಕರ್ನೆಲ್ ತಾನೇ ರೂಟನ್ನು ಮೌಂಟ್ ಮಾಡುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇನಿಟ್ ಸಿಕ್ಕಿತೆಂದರೆ ಕರ್ನೆಲ್ ಆ ಹೊಣೆಯಿಂದ ಹೊರಗೆ. ಇಎಂಎಂಸಿ ಕಾಣಿಸಿಕೊಳ್ಳುವವರೆಗೆ ಕಾಯುವ ಸಾಲುಗಳನ್ನು ನಿಮ್ಮ ಸ್ಕ್ರಿಪ್ಟಿನಲ್ಲಿಯೇ ಬರೆಯಿರಿ, ಅದಕ್ಕೊಂದು ಮಿತಿಯನ್ನೂ ಇಡಿ.

ನವಸಾಧಕ:

ಮೇಡಂ, ನಾನು ಕ್ಯೂಇಎಂಯುವಿನಲ್ಲಿ ಇದನ್ನೆಲ್ಲ ಮಾಡಿ ನೋಡುತ್ತಿದ್ದೇನೆ. ಪ್ಯಾನಿಕ್ ಬಂದಾಗ ಒಂದನೆಯ ಪ್ರೋಸೆಸ್ಸನ್ನು ಕೊಲ್ಲಲು ಯತ್ನಿಸಲಾಯಿತೆಂಬ ಸಾಲಿನ ಜೊತೆ ಒಂದು ನಿರ್ಗಮನ ಸಂಖ್ಯೆ ಬರುತ್ತದೆ. ಒಮ್ಮೆ ಅದು 100 ಎಂದು ಮುಗಿಯುತ್ತದೆ, ಇನ್ನೊಮ್ಮೆ 7ಎಫ್00 ಎಂದು. ಇದರಿಂದ ಏನಾದರೂ ತಿಳಿಯಬಹುದೇ?

ಹಳೆಕರ್ನೆಲ್:

ಸಾಕಷ್ಟು ತಿಳಿಯಬಹುದು. ಆ ಸಂಖ್ಯೆ ಹದಿನಾರರ ಪದ್ಧತಿಯಲ್ಲಿದೆ; ಕೊನೆಯ ಎರಡು ಅಂಕಿಗಳನ್ನು ಬಿಟ್ಟರೆ ಉಳಿಯುವುದು ಪ್ರೋಗ್ರಾಮಿನ ನಿರ್ಗಮನ ಮೌಲ್ಯ. 100 ಎಂದರೆ ಮೌಲ್ಯ 1: ಪ್ರೋಗ್ರಾಮ್ ತಾನೇ ದೋಷ ಕಂಡು ನಿಂತಿದೆ, ಅದಕ್ಕೆ ಸ್ವಲ್ಪ ಮೇಲಿನ ಸಾಲಿನಲ್ಲಿ ಕಾರಣ ಇರುತ್ತದೆ. 7ಎಫ್00 ಎಂದರೆ 127: ಶೆಲ್ ಓಡಿಸಲು ಹೋದ ಕಮಾಂಡ್ ಅದಕ್ಕೆ ಸಿಗಲಿಲ್ಲ. ಕಡತ ಕಣ್ಣೆದುರು ಇದ್ದೂ ಸಿಗಲಿಲ್ಲವೆಂಬ ಉತ್ತರ ಬಂದರೆ ಆ ಪ್ರೋಗ್ರಾಮಿಗೆ ಬೇಕಾದ ಡೈನಮಿಕ್ ಲಿಂಕರ್ ಇಲ್ಲವೆಂದು ಊಹಿಸಬಹುದು. ಬೇರೆ ಸಿ ಲೈಬ್ರರಿಗೆ ಕಟ್ಟಿದ ಬೈನರಿಯನ್ನು ತಂದಿಟ್ಟಾಗ ಹೀಗಾಗುತ್ತದೆ. ಇನಿಟ್‌ರಾಮ್‌ಎಫ್‌ಎಸ್‌ಗೆ ಸ್ಟ್ಯಾಟಿಕ್ ಆಗಿ ಕಟ್ಟಿದ ಬ್ಯುಸಿಬಾಕ್ಸ್ ಒಳ್ಳೆಯದೆಂದು ನಾನು ಯಾವಾಗಲೂ ಹೇಳುವುದು ಇದಕ್ಕೇ.

ತುಂಗಾತೀರ:

ಬೋರ್ಡ್‌ಬಳಗ ಅವರಿಗೆ ಇನ್ನೊಂದು ಎಚ್ಚರಿಕೆ. ಅಳಿಸಿದ ಮೇಲೆ ಹೊಸ ಇನಿಟ್ ಓಡದಿದ್ದರೆ ಹಿಂದಕ್ಕೆ ಬರಲು ದಾರಿಯಿಲ್ಲ, ಆದ್ದರಿಂದ ದಾಟುವ ಮೊದಲೇ ಹೊಸ ರೂಟಿನಲ್ಲಿ ಇನಿಟ್ ಇದೆಯೇ ಎಂದು ನೋಡುವುದು ಒಳ್ಳೆಯ ರೂಢಿ. ಆದರೆ ಶೆಲ್‌ನ ಸಾಧಾರಣ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಬಹಳಷ್ಟು ವಿತರಣೆಗಳಲ್ಲಿ ಎಸ್‌ಬಿನ್‌ನ ಇನಿಟ್ ಎಂಬುದು ಸಿಸ್ಟಮ್‌ಡಿಗೆ (ಅಲ್ಲಿ ಇನಿಟ್ ಆಗಿ ಓಡುವ ಪ್ರೋಗ್ರಾಮಿಗೆ) ಕೊಟ್ಟ ಸಿಮ್‌ಲಿಂಕ್. ಆ ಲಿಂಕ್ ಓರೆಗೆರೆಯಿಂದ ಆರಂಭವಾಗುವ ಪೂರ್ಣ ದಾರಿಯನ್ನು ಹೊಂದಿದ್ದರೆ, ದಾಟುವ ಮೊದಲು ಅದು ಇನಿಟ್‌ರಾಮ್‌ಎಫ್‌ಎಸ್‌ನೊಳಗೆ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಸಿಸ್ಟಮ್‌ಡಿ ಇರುವುದಿಲ್ಲ. ಎಲ್ಲವೂ ಸರಿಯಿದ್ದೂ ಇಲ್ಲವೆಂಬ ಉತ್ತರ ಬರುತ್ತದೆ. ಡೆಬಿಯನ್‌ನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಈ ಕಾರಣಕ್ಕೆ ರನ್-ಇನಿಟ್ಟನ್ನು ಮೊದಲು ಪರೀಕ್ಷೆಯ ಆಯ್ಕೆಯೊಂದಿಗೆ ಓಡಿಸಿ ನೋಡುತ್ತದೆ. ಆಗ ಏನನ್ನೂ ಅಳಿಸದೆ, ಆ ಇನಿಟ್ ಓಡಬಲ್ಲುದೇ ಎಂದು ಮಾತ್ರ ತಿಳಿಯುತ್ತದೆ. ನೀವು ಬ್ಯುಸಿಬಾಕ್ಸ್‌ನಲ್ಲೇ ಇರುವುದಾದರೆ ಸಿಮ್‌ಲಿಂಕ್ ಆಗಿದ್ದರೂ ಇದೆಯೆಂದು ಒಪ್ಪಿಕೊಳ್ಳುವ ಪರೀಕ್ಷೆಯನ್ನು ಬಳಸಿ, ಅಥವಾ ಬರಿಯ ಪರೀಕ್ಷೆಗಾಗಿ ಸಿಎಚ್‌ರೂಟಿನೊಳಗೆ ಹೊಕ್ಕು ನೋಡುವ ಒಂದು ಸಾಲನ್ನು ಸೇರಿಸಿ.

ಸಿಸ್ಟಮ್‌ಡಿ ಇರುವ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಡ್ರಾಕಟ್ ಕಟ್ಟಿಕೊಡುವಂಥದ್ದರಲ್ಲಿ, ಇದೇ ಕೆಲಸ ಬೇರೆ ರೂಪ ಪಡೆಯುತ್ತದೆ. ಅಲ್ಲಿ ನಿಜವಾದ ರೂಟ್ ಸಿಸ್‌ರೂಟ್ ಎಂಬ ಡೈರೆಕ್ಟರಿಯಲ್ಲಿ ಮೌಂಟ್ ಆಗುತ್ತದೆ. ಇನಿಟ್‌ಆರ್‌ಡಿ-ರಿಲೀಸ್ ಎಂಬ ಕಡತ ಇಟಿಸಿಯಲ್ಲಿರುವುದನ್ನು ನೋಡಿ ಸಿಸ್ಟಮ್‌ಡಿ ತಾನಿನ್ನೂ ಆರಂಭದ ಹಂತದಲ್ಲಿದ್ದೇನೆಂದು ಅರಿಯುತ್ತದೆ. ದಾಟುವಾಗ ತನ್ನ ಸ್ಥಿತಿಯನ್ನೆಲ್ಲ ಮೆಮೊರಿಯಲ್ಲಿ ಬರೆದಿಟ್ಟು, ಹೊಸ ರೂಟಿನ ಸಿಸ್ಟಮ್‌ಡಿಗೆ ಅದನ್ನು ಒಪ್ಪಿಸಿ ಮುಂದುವರಿಯುತ್ತದೆ. ಆರಂಭದ ಹಂತದ ಸಮಯವೂ ಬೂಟ್ ವಿಶ್ಲೇಷಣೆಯಲ್ಲಿ ಕಾಣಿಸುವುದು ಹೀಗೆ ಸ್ಥಿತಿ ಕೈಬದಲಾಗುವುದರಿಂದ. ಸಿಸ್‌ರೂಟಿನಲ್ಲಿ ಓಎಸ್-ರಿಲೀಸ್ ಕಡತ ಇಲ್ಲದಿದ್ದರೆ ಅದು ದಾಟಲು ಒಪ್ಪುವುದಿಲ್ಲ. ಕೈಯಾರೆ ಕಟ್ಟಿದ ರೂಟ್ ಇಮೇಜಿನಲ್ಲಿ ಆ ಕಡತವನ್ನು ಬಿಟ್ಟವರು ಇಲ್ಲಿ ಸಿಲುಕುತ್ತಾರೆ.

ಆರ್‌ಡಿ.ಬ್ರೇಕ್ ಎಂದು ಕರ್ನೆಲ್ ಸಾಲಿಗೆ ಸೇರಿಸಿದರೆ ಡ್ರಾಕಟ್ ದಾಟುವುದಕ್ಕೆ ಸ್ವಲ್ಪ ಮೊದಲು ನಿಂತು ಶೆಲ್ ಕೊಡುತ್ತದೆ. ರೆಡ್ ಹ್ಯಾಟ್ ಕುಟುಂಬದ ಯಂತ್ರಗಳಲ್ಲಿ ಮರೆತ ರೂಟ್ ಪಾಸ್‌ವರ್ಡನ್ನು ಬದಲಿಸುವ ಪ್ರಸಿದ್ಧ ವಿಧಾನ ಇದೇ: ಸಿಸ್‌ರೂಟನ್ನು ಬರೆಯಲು ಬರುವಂತೆ ಮರುಮೌಂಟ್ ಮಾಡಿ, ಅದರೊಳಗೆ ಸಿಎಚ್‌ರೂಟ್ ಆಗಿ, ಪಾಸ್‌ವರ್ಡ್ ಬದಲಿಸಿ, ಎಸ್‌ಇಲಿನಕ್ಸ್ ಗುರುತುಗಳನ್ನು ಮತ್ತೆ ಹಚ್ಚಬೇಕೆಂಬ ಸೂಚನೆಯ ಕಡತವನ್ನು ಇಟ್ಟು ಹೊರಬರುವುದು. ಡೆಬಿಯನ್ ಬಳಗದಲ್ಲಿ ಬ್ರೇಕ್ ಎಂದು ಬರೆದು ಹಂತದ ಹೆಸರು ಕೊಟ್ಟರೆ ಇಂಥದ್ದೇ ಶೆಲ್ ಸಿಗುತ್ತದೆ, ಅಲ್ಲಿ ನಿಜವಾದ ರೂಟ್ ಇರುವ ಡೈರೆಕ್ಟರಿಯ ಹೆಸರು ಮಾತ್ರ ಬೇರೆ.

ಗೂಡುಕಟ್ಟಿ:

ಇಲ್ಲಿಯವರೆಗಿನ ಚರ್ಚೆಯಲ್ಲಿ ಪಿವಟ್_ರೂಟ್ ಹಳೆಯ ಕಾಲದ ವಸ್ತು ಎಂಬ ಭಾವನೆ ಬರುತ್ತಿದೆ. ನಾನು ಇದನ್ನು ಒಪ್ಪುವುದಿಲ್ಲ. ಕಂಟೇನರ್‌ಗಳ ಜಗತ್ತು ಇಂದಿಗೂ ಅದರ ಮೇಲೆಯೇ ನಿಂತಿದೆ. ಕಂಟೇನರ್ ಓಡಿಸುವ ಉಪಕರಣವಾದ ರನ್‌ಸಿ ಪ್ರತಿಯೊಂದು ಕಂಟೇನರಿನ ರೂಟನ್ನು ಸಾಮಾನ್ಯವಾಗಿ ಪಿವಟ್_ರೂಟ್ ಮೂಲಕವೇ ಬದಲಿಸುತ್ತದೆ, ಹೊಸ ರೂಟಿಗೂ ಹಳೆಯದನ್ನು ಇಡುವ ಜಾಗಕ್ಕೂ ಚುಕ್ಕೆಯನ್ನೇ ಕೊಟ್ಟು, ಹಳೆಯದು ಮೇಲೆ ಬಂದು ಕುಳಿತ ತಕ್ಷಣ ಅದನ್ನು ಬೇರ್ಪಡಿಸಿಬಿಡುತ್ತದೆ. ಸಿಸ್ಟಮ್‌ಡಿ ಸಹ ರೂಟ್ ಬದಲಿಸುವಾಗ ಮೊದಲು ಪಿವಟ್_ರೂಟ್ ಪ್ರಯತ್ನಿಸುತ್ತದೆ, ಅದು ಆಗದಿದ್ದರೆ ಮಾತ್ರ ಮೌಂಟ್ ಸರಿಸುವ ದಾರಿ ಹಿಡಿಯುತ್ತದೆ. ಹಳೆಯ ರೂಟ್ ನಿಜವಾಗಿ ಮರದಿಂದ ಕಳಚಿಹೋಗುವುದು ಪಿವಟ್_ರೂಟಿನಿಂದ ಮಾತ್ರ. ಹೊದಿಸಿದರೆ ಅದು ಅಡಿಯಲ್ಲಿ ಉಳಿದೇ ಉಳಿಯುತ್ತದೆ.

ಇನಿಟ್‌ರಾಮ್‌ಎಫ್‌ಎಸ್ಸನ್ನೇ ಶಾಶ್ವತ ರೂಟ್ ಮಾಡಿಕೊಂಡು, ಎಲ್ಲಿಗೂ ದಾಟದೆ ಬದುಕುವ ಬೋರ್ಡುಗಳೂ ಇವೆ. ಅವುಗಳ ಮೇಲೆ ಕಂಟೇನರ್ ಓಡಿಸಲು ಹೋದರೆ ಪಿವಟ್_ರೂಟ್ ಸೋಲುತ್ತದೆ. ಡಾಕರ್‌ನಲ್ಲಿ ರ‍್ಯಾಮ್‌ಡಿಸ್ಕ್ ಎಂದು ತಿಳಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇರುವುದು ಈ ಸಂದರ್ಭಕ್ಕೆ. ಆಗ ಅದು ಪಿವಟ್ ಬಿಟ್ಟು ಬೇರೆ ವಿಧಾನ ಬಳಸುತ್ತದೆ, ಆದರೆ ಆ ವಿಧಾನದ ಬೇಲಿ ಅಷ್ಟು ಗಟ್ಟಿಯಲ್ಲ. ಇದಕ್ಕೆ ನನ್ನ ಸಲಹೆ: ಇನಿಟ್‌ರಾಮ್‌ಎಫ್‌ಎಸ್‌ನ ಮೊದಲ ಕೆಲಸವಾಗಿ ಒಂದು ಟಿಎಂಪಿಎಫ್‌ಎಸ್ ಮೌಂಟ್ ಮಾಡಿ, ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಅದಕ್ಕೆ ಸ್ವಿಚ್_ರೂಟ್ ಮಾಡಿ. ಅಲ್ಲಿಂದ ಮುಂದೆ ನಿಮ್ಮ ರೂಟಿಗೆ ತಾಯಿ ಮೌಂಟ್ ಇರುತ್ತದೆ, ಪಿವಟ್_ರೂಟ್ ನಿರಾಕರಿಸುವುದಿಲ್ಲ, ಬೋರ್ಡ್‌ಬಳಗ ಅವರ ಹಳೆಯ ಸ್ಕ್ರಿಪ್ಟ್ ಸಹ ಹಾಗೆಯೇ ಓಡುತ್ತದೆ.

ಹಳೆಕರ್ನೆಲ್:

ಗೂಡುಕಟ್ಟಿ ಅವರೇ, ಕಂಟೇನರ್ ಓಡಿಸುವ, ರ‍್ಯಾಮಿನಲ್ಲೇ ಬದುಕುವ ಬೋರ್ಡಿಗೆ ನಿಮ್ಮ ಸಲಹೆ ಸರಿ, ಅದನ್ನು ನಾನೂ ಕೊಡುತ್ತೇನೆ. ಆದರೆ ಇಎಂಎಂಸಿಯಲ್ಲಿ ರೂಟ್ ಇರುವ ಬೋರ್ಡಿಗೆ ಇದು ಸುತ್ತುದಾರಿ. ಎಲ್ಲವನ್ನೂ ಒಮ್ಮೆ ನಕಲು ಮಾಡುವ ಹೊತ್ತಿಗೆ ಮೆಮೊರಿಯಲ್ಲಿ ಎರಡು ಪ್ರತಿ ಇರುತ್ತವೆ. ರ‍್ಯಾಮ್ ಕಡಿಮೆ ಇರುವ ಬೋರ್ಡಿನಲ್ಲಿ ಆ ಗಳಿಗೆಯೇ ಮುಳುವಾಗಬಹುದು. ಸ್ವಿಚ್_ರೂಟ್ ಒಮ್ಮೆ ಮಾಡಿದರೆ ಸಾಕಾಗುವ ಕಡೆ ಅದನ್ನೂ ಮಾಡಿ, ಮೇಲೆ ಪಿವಟ್ ಕೂಡ ಮಾಡುವುದರಿಂದ ಸಿಗುವ ಲಾಭವೆಂದರೆ ಹಳೆಯ ಸ್ಕ್ರಿಪ್ಟಿನ ಕೆಲವು ಸಾಲುಗಳು ಉಳಿಯುವುದು. ಆ ಸಾಲುಗಳನ್ನು ಉಳಿಸಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಪಿವಟ್_ರೂಟ್ ಬಳಸುವವರು ಅದರ ಉಳಿದ ಷರತ್ತುಗಳನ್ನೂ ನೆನಪಿಡಬೇಕು. ಹೊಸ ರೂಟ್ ತಾನೇ ಒಂದು ಮೌಂಟ್ ಆಗಿರಬೇಕು, ಬರಿಯ ಡೈರೆಕ್ಟರಿಯಾದರೆ ಅದನ್ನು ಅದರ ಮೇಲೆಯೇ ಬೈಂಡ್ ಮಾಡಿಕೊಳ್ಳಬೇಕು. ಹಳೆಯದನ್ನು ಇಡುವ ಜಾಗ ಹೊಸ ರೂಟಿನ ಒಳಗಿರಬೇಕು. ಹೊಸ ರೂಟ್, ಈಗಿನ ರೂಟ್ ಎರಡರ ತಾಯಿ ಮೌಂಟ್‌ಗಳೂ ಶೇರ್ಡ್ (ಒಂದರಲ್ಲಾದ ಮೌಂಟ್ ಬದಲಾವಣೆ ಇತರ ನೇಮ್‌ಸ್ಪೇಸ್‌ಗಳಿಗೂ ಹರಡುವಂಥವು) ಆಗಿರಬಾರದು. ಸಿಸ್ಟಮ್‌ಡಿ ಬೂಟ್ ಆದ ಕೂಡಲೇ ಎಲ್ಲ ಮೌಂಟ್‌ಗಳನ್ನೂ ಶೇರ್ಡ್ ಮಾಡಿಬಿಡುತ್ತದೆ, ಹಾಗಾಗಿ ಓಡುತ್ತಿರುವ ಯಂತ್ರದಲ್ಲಿ ಇದನ್ನು ಕಲಿಯಲು ಹೋಗುವ ವಿದ್ಯಾರ್ಥಿಗಳು ಮೊದಲು ಪ್ರತ್ಯೇಕ ಮೌಂಟ್ ನೇಮ್‌ಸ್ಪೇಸ್ ತೆರೆದು ಅದನ್ನು ಪ್ರೈವೇಟ್ ಮಾಡಿಕೊಳ್ಳಬೇಕು. ನವಸಾಧಕ ಅವರೇ, ನಿಮಗೆ ಇದು ಉಪಯೋಗವಾಗಬಹುದು.

ಗೂಡುಕಟ್ಟಿ:

ಎರಡು ಪ್ರತಿಯ ವಿಷಯ ಒಪ್ಪುವಂಥದ್ದು. ಇಎಂಎಂಸಿ ಬೋರ್ಡಿಗೆ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ರ‍್ಯಾಮಿನಲ್ಲೇ ಉಳಿಯುವ ಬೋರ್ಡುಗಳಿಗೆ ಅದು ನಿಲ್ಲುತ್ತದೆ. ಓಪನ್‌ಡಬ್ಲ್ಯುಆರ್‌ಟಿಯನ್ನು ನೋಡಿದರೆ ಮೂರನೆಯ ದಾರಿಯೂ ಕಾಣುತ್ತದೆ. ಅಲ್ಲಿ ಬಹುತೇಕ ರೂಟರ್‌ಗಳಲ್ಲಿ ಸ್ಕ್ವಾಶ್‌ಎಫ್‌ಎಸ್ಸನ್ನು ಕರ್ನೆಲ್ ತಾನೇ ರೂಟ್ ಆಗಿ ಮೌಂಟ್ ಮಾಡುತ್ತದೆ, ಆ ಮೇಲೆ ಬರೆಯಬಲ್ಲ ಪದರ ಸೇರಿಸಿ ಓವರ್‌ಲೇ ಕಟ್ಟಿ ಪಿವಟ್ ಮಾಡುತ್ತಾರೆ. ಹಳೆಯ ರೂಟ್ ರಾಮ್ ಎಂಬ ಹೆಸರಿನ ಡೈರೆಕ್ಟರಿಯಲ್ಲಿ, ಓದಲು ಮಾತ್ರ ಬರುವಂತೆ, ಕೈಗೆ ಸಿಗುವ ಹಾಗೆ ಉಳಿಯುತ್ತದೆ. ಕಾರ್ಖಾನೆಯಿಂದ ಬಂದ ಮೂಲ ಕಡತವನ್ನು ಹೋಲಿಸಿ ನೋಡಲು ಅದು ಬಹಳ ಅನುಕೂಲ. ಆರ್ ಓ ಎಂ ಎಂಬ ಅರ್ಥದ ರಾಮ್ ಅದು, ಮೆಮೊರಿಯ ರ‍್ಯಾಮ್ ಅಲ್ಲ.

ನವಸಾಧಕ:

ಒಂದೇ ಒಂದು ಪ್ರಶ್ನೆ ಉಳಿದಿದೆ. ರೂಟ್ ಫೈಲ್ ಸಿಸ್ಟಮ್ ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲೋ ನೆಟ್‌ವರ್ಕಿನ ಐಸ್ಕಸಿಯಲ್ಲೋ ಇದ್ದರೆ ಯಂತ್ರ ನಿಲ್ಲಿಸುವಾಗ ಅದನ್ನು ಅನ್‌ಮೌಂಟ್ ಮಾಡುವುದು ಹೇಗೆ? ಅನ್‌ಮೌಂಟ್ ಮಾಡುವ ಪ್ರೋಗ್ರಾಮ್ ಅದರೊಳಗೇ ಇರುತ್ತದೆಯಲ್ಲ, ಇನಿಟ್‌ರಾಮ್‌ಎಫ್‌ಎಸ್ ಅಷ್ಟರಲ್ಲಿ ಅಳಿಸಿಹೋಗಿರುತ್ತದೆಯಲ್ಲ.

ತುಂಗಾತೀರ:

ಅದಕ್ಕಾಗಿ ಡ್ರಾಕಟ್ ಬಳಸುವ ವ್ಯವಸ್ಥೆಗಳು ನಿಲ್ಲಿಸುವ ಹೊತ್ತಿಗೆ ಇನಿಟ್‌ರಾಮ್‌ಎಫ್‌ಎಸ್ಸನ್ನು ಮತ್ತೆ ರನ್ ಡೈರೆಕ್ಟರಿಯ ಅಡಿಯಲ್ಲಿ ಬಿಚ್ಚಿಡುತ್ತವೆ. ರನ್ ಎಂಬುದು ಟಿಎಂಪಿಎಫ್‌ಎಸ್, ಡಿಸ್ಕನ್ನು ಅವಲಂಬಿಸಿಲ್ಲ. ಎಲ್ಲ ಸೇವೆಗಳೂ ನಿಂತ ಮೇಲೆ ಸಿಸ್ಟಮ್‌ಡಿಯ ನಿಲ್ಲಿಸುವ ಪ್ರೋಗ್ರಾಮ್ ಅಲ್ಲಿಗೆ ಪಿವಟ್_ರೂಟ್ ಮಾಡಿ, ಅಲ್ಲಿರುವ ಶಟ್‌ಡೌನ್ ಎಂಬ ಪ್ರೋಗ್ರಾಮಿಗೆ ಅಧಿಕಾರ ಕೊಡುತ್ತದೆ. ಆ ಪ್ರೋಗ್ರಾಮ್ ಹಳೆಯ ರೂಟನ್ನು ಅನ್‌ಮೌಂಟ್ ಮಾಡಿ, ಡಿಸ್ಕಿನ ಮೇಲಿನ ಎಲ್‌ವಿಎಂ, ರೇಡ್, ಲಕ್ಸ್ (ಎನ್‌ಕ್ರಿಪ್ಶನ್) ಪದರಗಳನ್ನು ಒಂದೊಂದಾಗಿ ಮುಚ್ಚಿ ಯಂತ್ರವನ್ನು ಆರಿಸುತ್ತದೆ. ರೂಟ್ ಡಿಸ್ಕಿಗೆ ಜೀವಾಳವಾದ ಡೀಮನ್‌ಗಳು ನಡುವೆ ಸಾಯದಿರಲೆಂದು ಒಂದು ಒಪ್ಪಂದವಿದೆ: ಪ್ರೋಸೆಸ್ಸಿನ ಮೊದಲ ಆರ್ಗ್ಯುಮೆಂಟಿನ ಮೊದಲ ಅಕ್ಷರ ಇಮೇಲಿನಲ್ಲಿ ಬಳಸುವ ಅಟ್ ಚಿಹ್ನೆಯಾಗಿದ್ದರೆ ಸಿಸ್ಟಮ್‌ಡಿ ಅದನ್ನು ಕೊಲ್ಲುವುದಿಲ್ಲ. ಆರಂಭದಲ್ಲಿ ದಾಟುವಾಗಲೂ ಕೊನೆಯಲ್ಲಿ ನಿಲ್ಲಿಸುವಾಗಲೂ ಇದು ಅನ್ವಯಿಸುತ್ತದೆ. 2023ರಲ್ಲಿ ಬಂದ 254ನೆಯ ಆವೃತ್ತಿಯಿಂದ ಸಾಫ್ಟ್-ರೀಬೂಟ್ ಕೂಡ ಇದೆ. ಕರ್ನೆಲ್ಲನ್ನು ಹಾಗೆಯೇ ಬಿಟ್ಟು, ರನ್ ಡೈರೆಕ್ಟರಿಯಡಿ ನೆಕ್ಸ್ಟ್‌ರೂಟ್ ಎಂಬಲ್ಲಿ ಸಿದ್ಧಪಡಿಸಿಟ್ಟ ಹೊಸ ರೂಟಿಗೆ ಬಳಕೆದಾರರ ಮಟ್ಟವನ್ನು ಮಾತ್ರ ಮತ್ತೆ ಎಬ್ಬಿಸುವ ವಿಧಾನ ಅದು.

ಬೋರ್ಡ್‌ಬಳಗ:

ಬದಲಾವಣೆ ಮುಗಿದು ಬೋರ್ಡ್ ಸರಿಯಾಗಿ ಏಳುತ್ತಿದೆ. ಈಗಿನ ಸ್ಕ್ರಿಪ್ಟಿನ ಕ್ರಮವನ್ನು ಮುಂದೆ ಇಲ್ಲಿ ಹುಡುಕಿಕೊಂಡು ಬರುವವರಿಗಾಗಿ ಬರೆದಿಡುತ್ತೇನೆ. ಡೆವ್‌ಟಿಎಂಪಿಎಫ್‌ಎಸ್, ಪ್ರೋಕ್, ಸಿಸ್ ಮೌಂಟ್ ಮಾಡುತ್ತೇವೆ. ಇಎಂಎಂಸಿಯ ಪಾರ್ಟಿಷನ್ ಕಾಣಿಸುವವರೆಗೆ ಮಿತಿಯಿಟ್ಟು ಕಾಯುತ್ತೇವೆ. ಅದನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಸಿಎಚ್‌ರೂಟಿನೊಳಗೆ ಹೊಕ್ಕು ಇನಿಟ್ ಓಡಿಸಬಲ್ಲ ಕಡತವೇ ಎಂದು ಪರೀಕ್ಷಿಸುತ್ತೇವೆ. ಅಲ್ಲವೆಂದಾದರೆ ಎರಡನೆಯ ಪಾರ್ಟಿಷನ್ನಿನಲ್ಲಿರುವ ಹಿಂದಿನ ಆವೃತ್ತಿಯನ್ನು ಮೌಂಟ್ ಮಾಡುತ್ತೇವೆ. ಅಳಿಸುವ ಹೆಜ್ಜೆಗೆ ಮೊದಲೇ ಇದು ನಡೆಯುವುದರಿಂದ ಹಿಂದಿನ ಆವೃತ್ತಿಗೆ ಮರಳುವ ಅವಕಾಶ ನಮ್ಮ ಕೈಯಲ್ಲೇ ಉಳಿಯುತ್ತದೆ. ಆಮೇಲೆ ಡೆವ್ ಸರಿಸಿ, ಪ್ರೋಕ್ ಮತ್ತು ಸಿಸ್ ಅನ್‌ಮೌಂಟ್ ಮಾಡಿ, ಕನ್ಸೋಲನ್ನು ಹೆಸರಿಸಿ, ಎಕ್ಸೆಕ್ ಮೂಲಕ ಸ್ವಿಚ್_ರೂಟ್ ಕರೆಯುತ್ತೇವೆ.

ಮೆಮೊರಿ ಪೂರ್ತಿ ಮರಳಿ ಬಂದಿದೆ. ಎನ್‌ಎಸ್‌ಎಂಟರ್ ಮಾಡಿದರೆ ಈಗ ಇಎಂಎಂಸಿಯ ರೂಟೇ ಕಾಣುತ್ತದೆ, ಯೂಸರ್ ನೇಮ್‌ಸ್ಪೇಸ್ ಸಹ ತೆರೆಯುತ್ತದೆ. ನಮ್ಮ ರೂಟ್ ಓದಲು ಮಾತ್ರ ಇರುವುದರಿಂದಲೂ ಅದರ ಕೆಳಗೆ ಬೇರೆ ಪದರಗಳಿಲ್ಲದ್ದರಿಂದಲೂ ತುಂಗಾತೀರ ಅವರು ಹೇಳಿದ ನಿಲ್ಲಿಸುವ ವ್ಯವಸ್ಥೆಯನ್ನು ಸದ್ಯಕ್ಕೆ ಸೇರಿಸುತ್ತಿಲ್ಲ. ಮುಂದಿನ ಮಾದರಿಯಲ್ಲಿ ಡೇಟಾ ಪಾರ್ಟಿಷನ್ ಲಕ್ಸ್ ಆಗಲಿದೆ. ಆದರೆ ಅದು ರೂಟ್ ಅಲ್ಲವಾದ್ದರಿಂದ ಸಾಮಾನ್ಯ ಕ್ರಮದಲ್ಲೇ ಅನ್‌ಮೌಂಟ್ ಮಾಡಿ ಮುಚ್ಚಬಹುದೆಂದು ಭಾವಿಸಿದ್ದೇನೆ.

ತುಂಗಾತೀರ:

ಹೌದು, ಡೇಟಾ ಪಾರ್ಟಿಷನ್ನಿಗೆ ಸಾಮಾನ್ಯ ಕ್ರಮವೇ ಸಾಕು. ಲಾಗ್ ಬರೆಯುವ ಡೀಮನ್ ಅದರ ಮೇಲೆ ಕಡತ ತೆರೆದಿಟ್ಟುಕೊಂಡಿದ್ದರೆ ಮಾತ್ರ ಅದನ್ನು ಮೊದಲು ನಿಲ್ಲಿಸಿ, ಇಲ್ಲವಾದರೆ ಅನ್‌ಮೌಂಟ್ ಮಾಡುವಾಗ "ಬ್ಯುಸಿ" ಎಂದು ನಿಲ್ಲುತ್ತದೆ.